ಅತ್ತೆ ಕೊಟ್ಟ ಬೆರಳು

ಐವತ್ತರ ದಶಕದಲ್ಲಿ ಹೆಗ್ಗಡದೇವನಕೋಟೆಯ ಒಂದು ಚಿಕ್ಕ ಆಸ್ಪತ್ರೆಯಲ್ಲಿ ನನಗೆ ರಕ್ತ ಪರೀಕ್ಷೆ ಮಾಡುವ ಕೆಲಸ. ಲ್ಯಾಬೊರೇಟರಿ ಎಂದರೆ ಕಿಟಕಿ ಪಕ್ಕದ ಒಂದು ಮೇಜು, ಅಷ್ಟೇ. ಒಳಗೆ ಬರಲು ಜನ ಹೆದರುತ್ತಿದ್ದರು. ಜಗಲಿಯಲ್ಲೇ ನಿಂತು ಕಿಟಕಿಯ ಕಂಬಿ ಸಂದಿಯಿಂದ ಕೈ ಚಾಚುತ್ತಿದ್ದರು. ನಾನು ಮುಖ ನೋಡದೆ ಬೆರಳು ಚುಚ್ಚುತ್ತಿದ್ದೆ.

ರಕ್ತಕ್ಕೆ ಕೆಂಪು ಕೊಡುವ ಪ್ರೋಟೀನು ಹಿಮೋಗ್ಲೋಬಿನ್. ಅದು ಕಡಿಮೆಯಾದರೆ ರಕ್ತಹೀನತೆ. ಅಳೆಯುವುದು ಹೀಗೆ: ಆಸಿಡ್ ಇರುವ ಗಾಜಿನ ನಳಿಗೆಗೆ ರಕ್ತ ಬಿಟ್ಟರೆ ಕಂದು ಬಣ್ಣವಾಗುತ್ತದೆ. ಪಕ್ಕದಲ್ಲಿರುವ ಬಣ್ಣದ ಗಾಜಿಗೆ ಸರಿಹೋಗುವ ತನಕ ತೊಟ್ಟು ತೊಟ್ಟಾಗಿ ನೀರು ಬೆರೆಸಬೇಕು. ಹೆಚ್ಚು ನೀರು ಹಿಡಿದಷ್ಟೂ ರಕ್ತ ಚೆನ್ನಾಗಿದೆ ಎಂದರ್ಥ. ನಳಿಗೆಯಲ್ಲಿ ನೀರು ಏರಿದ ಗೀಟೇ ಗ್ರಾಂ ಲೆಕ್ಕ; ಬಸುರಿಗೆ ಹನ್ನೊಂದು ಇದ್ದರೆ ಸಾಕು. ನನ್ನ ಕಣ್ಣು ತಪ್ಪುವುದೇ ಇಲ್ಲ ಎಂಬ ಜಂಬ ನನಗೆ.

ಒಂದು ಬೆಳಿಗ್ಗೆ ಅಂತರಸಂತೆಯಿಂದ ಏಳು ತಿಂಗಳ ಬಸುರಿಯೊಬ್ಬಳು ಅತ್ತೆಯ ಜೊತೆ ಬಂದಳು. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆಯೆಂದು ಅನುಮಾನಪಟ್ಟು ನನ್ನ ಬಳಿ ಕಳಿಸಿದರು. ಅಳತೆ ಕಡಿಮೆ ಬಂದರೆ ಹೆರಿಗೆ ತನಕ ಆಸ್ಪತ್ರೆಯಲ್ಲೇ ಇರಬೇಕು. ಮನೆಯಲ್ಲಿ ಹೆತ್ತರೆ ಜೀವಕ್ಕೇ ಅಪಾಯ. ಕಿಟಕಿಯೊಳಗೆ ಬಂದ ಕೈಯನ್ನು ಚುಚ್ಚಿದೆ. ಹೊಲದಲ್ಲಿ ದುಡಿದ ಕೈಯಲ್ಲಿ ವಯಸ್ಸು ಗೊತ್ತಾಗುವುದಿಲ್ಲ. ಹನ್ನೊಂದು ಗ್ರಾಂ! ಡಾಕ್ಟರನ್ನೇ ಗೆದ್ದೆನೆಂದು ಬೀಗುತ್ತ ಚೀಟಿ ಕೊಡಲು ಜಗಲಿಗೆ ಬಂದೆ. ನೋಡಿದರೆ, ಬೆರಳಿಗೆ ಹತ್ತಿ ಒತ್ತಿಕೊಂಡು ಕೂತಿದ್ದವಳು ಅತ್ತೆ.

ಮೈಯೆಲ್ಲ ಉರಿದುಹೋಯಿತು. "ಏನವ್ವಾ, ಬಸುರಿ ನೀನೋ ಅವಳೋ?" ಎಂದು ಕೂಗಾಡಿದೆ.

"ಬಸ್ರಿ ಎಂಗ್ಸಿನ ರಕ್ತ ತೆಗೀಬಾರ್ದು ಕಣಪ್ಪ. ಅದ್ಕೇ ನನ್ ಬೆರ್ಳು ಕೊಟ್ಟೆ. ಒಂದೇ ಮಡ್ಕೆ ಇಟ್ಟು ಉಣ್ಣೋರು, ಇಬ್ರುದೂ ಒಂದೇ ಅಲ್ವಾ?"

ಸೊಸೆ ತಾನಾಗಿಯೇ ಕೈ ಚಾಚಿದಳು. ಆ ಧೈರ್ಯಕ್ಕೆ ನನ್ನ ಕೋಪ ಅರ್ಧ ಇಳಿಯಿತು. ಇನ್ನೊಂದು ನಳಿಗೆ ತೆಗೆದುಕೊಂಡೆ. ಕೆಲವೇ ತೊಟ್ಟು ನೀರಿಗೆ ಬಣ್ಣ ಸರಿಹೋಯಿತು. ಐದು ಗ್ರಾಂ.

ಎರಡೂ ನಳಿಗೆಗಳನ್ನು ಅತ್ತೆಗೆ ಹಿಡಿದು ತೋರಿಸಿದೆ. ಬಣ್ಣ ಒಂದೇ, ಆದರೆ ಸೊಸೆಯ ನಳಿಗೆಯ ಮಟ್ಟ ಅತ್ತೆಯದರ ಅರ್ಧದಷ್ಟೂ ಏರಿರಲಿಲ್ಲ. "ಒಂದೇ ಮಡಕೆ ಅಂದೆಯಲ್ಲ, ಮನೇಲಿ ಕಡೆಗೆ ಉಣ್ಣೋರು ಯಾರು?" ಎಂದು ಕೇಳಿದೆ.

ಅತ್ತೆ ನಳಿಗೆಗಳನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದಳು. "ಸೊಸೆ. ನಾನೂ ಅಂಗೇ ಉಂಡೋಳು ಕಣಪ್ಪ" ಎಂದಳು. ಕೂಗಾಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ಡಾಕ್ಟರು ಹೊಟ್ಟೆಹುಳಕ್ಕೂ ರಕ್ತಕ್ಕೂ ಔಷಧಿ ಕೊಟ್ಟು ಸೊಸೆಯನ್ನು ಉಳಿಸಿಕೊಂಡರು. ಎರಡು ತಿಂಗಳ ಮೇಲೆ ಅಲ್ಲೇ ಹೆರಿಗೆಯಾಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ನೆನೆದರೆ ಈಗಲೂ ಸಂತೋಷವಾಗುತ್ತದೆ. ಆದರೆ ಕಣ್ಣಿಗೆ ಕಟ್ಟಿರುವುದು ಆ ಮೊದಲ ಮಧ್ಯಾಹ್ನ. ಅತ್ತೆ ಆಸ್ಪತ್ರೆಯ ಹಿಂದೆ ಮೂರು ಕಲ್ಲು ಹೂಡಿ ಮುದ್ದೆ, ಸೊಪ್ಪಿನ ಸಾರು ಮಾಡಿ ಸೊಸೆಯ ಮುಂದಿಟ್ಟಳು. ಸೊಸೆ ಸಂಕೋಚಪಟ್ಟು ತಟ್ಟೆಯನ್ನು ಅತ್ತೆಯ ಕಡೆ ಸರಿಸಿದಳು. ಅತ್ತೆ ಅದನ್ನು ವಾಪಸ್ ತಳ್ಳಿದಳು.

"ಉಣ್ಣವ್ವ. ನೀನುಂಡು ಮಿಕ್ಕಿದ್ದು ನಂಗೆ."