ಹೊಳಿಯವ್ವ ಹೇಳುವ ಸಿನಿಮಾ
ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗೆ ಹೊಳಿಯವ್ವ ಹೇಳಿದ್ದೇ ಸಿನಿಮಾ. ಭಾನುವಾರ ರಾಣೆಬೆನ್ನೂರಿನಲ್ಲಿ ನೋಡಿದ್ದನ್ನು ಸೋಮವಾರ ಘಾಟಿಗೆ ಸೀನುತ್ತಲೇ ಹಾಡಿ, ಕುಣಿದು, ಖಳನಾಯಕನಿಗೆ ಹಿಡಿಶಾಪ ಹಾಕಿ ಒಪ್ಪಿಸುತ್ತಾಳೆ. ಆದರೆ ಅವಳ ಬಾಯಲ್ಲಿ ಯಾವ ನಾಯಕಿಯೂ ಜೀವ ಕಳೆದುಕೊಳ್ಳುವುದಿಲ್ಲ. ನಾಯಕಿ ಸಾಯಲು ಹೊರಟಳೋ, ಪಕ್ಕದ ಮನೆಯಾಕೆ ಓಡಿಬಂದು ರಟ್ಟೆ ಹಿಡಿಯುತ್ತಾಳೆ: "ಎಲ್ಲಿ ಹೊಂಟಿ? ರೊಟ್ಟಿ ಬಿಸಿ ಅದಾವು, ಮೊದಲ ಉಣ್ಣು ಬಾ!" ಅದೇ ಸಿನಿಮಾ ನೋಡಿಬಂದ, ಜೊತೆಗೆ ತೊಟ್ಟು ಬಿಡಿಸುವ ಅರುಣಾ, "ಅಲ್ಲಬೇ ಯವ್ವಾ, ಆಕಿ ಸಾಯ್ತಾಳ! ಯಾರೂ ಬರಂಗಿಲ್ಲ" ಎಂದು ಜಗಳ ತೆಗೆದರೆ, "ಸಿನಿಮಾ ತಗದಾಂವಗ ಏನ್ ಗೊತ್ತೈತಿ? ಬಂದ ಬರ್ತಾರ!" ಎನ್ನುತ್ತಾಳೆ ಹೊಳಿಯವ್ವ. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಅವಳ ಪಕ್ಕದ ಮನೆಯ ಫಕ್ಕೀರವ್ವ ಮಾತ್ರ, ಇಪ್ಪತ್ತು ವರ್ಷದ ಹಿಂದೆ ಹೊಳಿಯವ್ವನ ರಟ್ಟೆ ಹಿಡಿದು ಹೇಳಿದ ಹಾಗೆಯೇ, ಬುತ್ತಿ ಬಿಚ್ಚಿ ಮೆಲ್ಲಗೆ ಹೇಳುತ್ತಾಳೆ: "ಮೊದಲ ಉಣ್ಣು ಬಾ."