ಕಂಬದೂರಿಗೆ ಹೋದ ಅಪ್ಪನ ರಜೆ

ನೆನೆಸಿದ ಬೇವಿನ ಹಿಂಡಿಯ ವಾಸನೆ ಯಾರಿಗೂ ಹಿಡಿಸುವಂಥದ್ದಲ್ಲ. ಕಹಿ, ಕಮಟು, ಕೈಗೆ ಹತ್ತಿದರೆ ಸೋಪಿಗೂ ಬಗ್ಗದು. ಹೋದ ತಿಂಗಳು ಹಿಂದೂಪುರದ ನಮ್ಮ ಹೊಸ ಮನೆಯ ಮುಂದೆ ಕೈದೋಟ ಮಾಡಬೇಕೆಂದು, ನಾನು ಕೆಲಸ ಮಾಡುವ ರೇಷ್ಮೆಗೂಡಿನ ಮಾರುಕಟ್ಟೆಯ ಕಚೇರಿಗೆ ಒಂದು ವಾರ ರಜೆ ಹಾಕಿ, ಬಕೆಟ್ಟಿನಲ್ಲಿ ಹಿಂಡಿ ನೆನೆಹಾಕಿದ್ದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಕಲ್ಯಾಣದುರ್ಗದ ನಮ್ಮ ಹಿತ್ತಲೇ ಒಳಗಿಂದ ಎದ್ದು ಬಂತು. ಹಿಂದೆಯೇ ಅಪ್ಪ. ಅಪ್ಪನ ಪಕ್ಕದಲ್ಲಿ, ಎಂದಿನಂತೆ, ಅಕ್ಕ.

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕಾಗಿದ್ದ. ವರ್ಷವೆಲ್ಲ ಅವನ ಮೈಯಿಂದ ಡೀಸೆಲ್ ವಾಸನೆ. ಉಳಿಸಿಟ್ಟ ರಜೆಯನ್ನೆಲ್ಲ ರೋಹಿಣಿ ಮಳೆಗೆ ಮುಂಚೆ ಒಟ್ಟಿಗೆ ತೆಗೆದುಕೊಳ್ಳುತ್ತಿದ್ದ; ತಿರುಪತಿಗಲ್ಲ, ನೆಂಟರ ಮನೆಗಲ್ಲ, ಹಿತ್ತಲಿಗೆ. ಕೆರೆಯ ಗೋಡುಮಣ್ಣು ಹೊಡೆಸಿ ಕೆಂಪು ಮಣ್ಣಿಗೆ ಬೆರೆಸುವನು. ಬಚ್ಚಲ ನೀರು ಪ್ರತಿ ಗಿಡದ ಹತ್ತಿರ ಸ್ವಲ್ಪ ಹೊತ್ತು ನಿಂತು ಹೋಗುವಂತೆ ಕಾಲುವೆಯನ್ನು ಬಳುಕಿಸಿ ತೋಡುವನು. ಗುಡ್ಡದಿಂದ ತಂದ ಕಲ್ಲುಗಳನ್ನು ಪಾತಿಯ ಅಂಚಿಗೆ ಜೋಡಿಸಿ, ದೂರ ನಿಂತು ನೋಡಿ, ಒಂದನ್ನು ತಿರುಗಿಸಿ ಮತ್ತೆ ನೋಡುವನು. ಹೀಗೆ ನೋಡುವಾಗ ಅವನ ಜೊತೆ ನಿಲ್ಲುತ್ತಿದ್ದವಳು ನನಗಿಂತ ದೊಡ್ಡವಳಾದ ಅಕ್ಕ ಸುಶೀಲ. "ಇವಳ ಕೈ ತಣ್ಣಗದೆ ಕಣೆ, ಒಣಗಿದ ಕಡ್ಡೀನೂ ಚಿಗುರ್ತದೆ" ಎಂದು ಅಪ್ಪ ಅಮ್ಮನಿಗೆ ಹೇಳುವನು. ನನಗೆ, "ಚಿನ್ನಿ, ನೀರು ತತ್ತಾ" ಎಂದಷ್ಟೆ. ನಾನು ಬಿಂದಿಗೆ ಹಿಡಿದು ಬರುವಷ್ಟರಲ್ಲಿ ಅವರಿಬ್ಬರೂ ನನಗೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತು, ಮೆತ್ತಗೆ ಏನೋ ಮಾತಾಡಿ ನಗುತ್ತಿದ್ದರು. ಆ ಎರಡು ಬೆನ್ನುಗಳನ್ನು ನೋಡುತ್ತ ನನ್ನ ಹೊಟ್ಟೆಯಲ್ಲಿ ಎದ್ದ ಉರಿ ಎಂಥದ್ದೆಂದು, ಇಬ್ಬರು ಮೂವರು ಮಕ್ಕಳಿದ್ದ ಮನೆಯಲ್ಲಿ ಬೆಳೆದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಕ್ಕನ ಮದುವೆಯಾಗಿ ಅವಳು ಕಂಬದೂರಿಗೆ ಹೋದಾಗ ಎಲ್ಲರ ಜೊತೆ ನಾನೂ ಅತ್ತೆ. ಒಳಗೊಳಗೆ ಮಾತ್ರ, ಇನ್ನು ಹಿತ್ತಲು ನನ್ನದು, ಅಪ್ಪನ ರಜೆ ನನ್ನದು ಎಂದು ಹಿಗ್ಗಿದ್ದೆ. ಆ ಬೇಸಿಗೆ ಯಾರೂ ಹೇಳದೆಯೇ ಕಸ ಕಿತ್ತೆ, ಗುಂಡಿ ತೋಡಿದೆ, ಹಿಂಡಿ ನೆನೆಹಾಕಿದೆ. ರಜೆಯ ಮೊದಲ ದಿನ ಅಪ್ಪ ಎದ್ದು ಗುದ್ದಲಿ, ಹಾರೆಗಳನ್ನು ಗೋಣಿಚೀಲದಲ್ಲಿ ಸುತ್ತಿದ.

"ಕಂಬದೂರಿಗೆ ಹೋಗ್ಬತ್ತೀನಿ. ಸುಶೀಲನ ಮನೆ ಹಿಂದೆ ಜಾಗ ಬೀಳು ಬಿದ್ದದೆ."

"ನಮ್ಮ ಹಿತ್ತಲು?"

"ನೀನಿದ್ದೀಯಲ್ಲ ಕಣಮ್ಮ."

ರಜೆ ಮುಗಿಯುವವರೆಗೂ ಅವನು ಬರಲಿಲ್ಲ. ಗಾಳಿ ಎದ್ದು ನನ್ನ ಗುಂಡಿಗಳಿಗೆ ಧೂಳು ತುಂಬಿತು, ಮಳೆ ಬಂದು ಅವುಗಳ ಬಾಯಿ ಮುಚ್ಚಿತು. ಮುಂದೆ ಕಂಬದೂರಿಗೆ ಹೋದಾಗಲೆಲ್ಲ ಅಕ್ಕ ಆ ಹಿತ್ತಲ ದಾಳಿಂಬೆಯನ್ನು ಬಿಡಿಸಿ ತಟ್ಟೆಯಲ್ಲಿ ತಂದಿಡುತ್ತಿದ್ದಳು. ಒಂದು ಕಾಳೂ ನನಗೆ ಸಿಹಿಯಾಗಿ ಇಳಿಯಲಿಲ್ಲ.

ಅಪ್ಪ ತೀರಿಹೋದ, ಅವನ ಹಿಂದೆಯೇ ಅಮ್ಮ. ಕಲ್ಯಾಣದುರ್ಗದ ಮನೆ ಮಾರಿದೆವು. ಕೊಂಡವರು ಅಲ್ಲಿ ಅಂಗಡಿಸಾಲು ಕಟ್ಟಿಸಿದ್ದಾರೆ. ಬಳುಕುವ ಕಾಲುವೆಯಿದ್ದಲ್ಲಿ ಸಿಮೆಂಟಿನ ಮೇಲೆ ಮೋಟರುಬೈಕುಗಳು ನಿಲ್ಲುತ್ತವೆ. ಅಪ್ಪ ನೆಟ್ಟದ್ದು ಅಂತ ಈ ಭೂಮಿಯ ಮೇಲೆ ಉಳಿದಿರುವುದೆಲ್ಲ ಅಕ್ಕನ ಹಿತ್ತಲಲ್ಲೇ. ಕೂದಲು ನರೆತರೂ ಅದನ್ನು ನೆನೆದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಹಿಂಡಿಯ ವಾಸನೆ ನೋಡಿದ ದಿನವೇ ಅಕ್ಕನಿಗೆ ಫೋನು ಮಾಡಿದೆ. ಮರುದಿನ ಅವಳು ಒದ್ದೆ ಗೋಣಿಯಲ್ಲಿ ಕಣಗಿಲೆ, ಮಲ್ಲಿಗೆಯ ಕಡ್ಡಿಗಳನ್ನು ಸುತ್ತಿಕೊಂಡು, ಎರಡು ಬಸ್ಸು ಬದಲಿಸಿ ಬಂದೇಬಿಟ್ಟಳು. ನೆಡುತ್ತ ಕೂತಾಗ ಇಷ್ಟು ವರ್ಷ ಕೇಳದಿದ್ದನ್ನು ಕೇಳಿದೆ.

"ಆ ವರ್ಷ ರಜೆಯೆಲ್ಲ ಅಪ್ಪ ನಿಮ್ಮನೇಲೇ ಯಾಕಿದ್ದ?"

ಅಕ್ಕ ಕಡ್ಡಿಯ ಬುಡಕ್ಕೆ ಮಣ್ಣು ಒತ್ತಿದಳು. "ಗಿಡ ಹಾಕಕ್ಕೆ ಅಂದ್ಕಂಡಿದ್ದೀಯಾ? ಯುಗಾದಿಗೆ ನಾನ್ ಊರಿಗೆ ಬಂದಾಗ ನನ್ ಮುಖ ನೋಡ್ಬುಟ್ಟಿದ್ದ. ಆ ಮನೇಲಿ ನನ್ ಜೊತೆ ಮಾತಾಡೋರೇ ಇರ್ಲಿಲ್ಲ ಕಣೆ. ಮಗಳ ಮನೇಲಿ ಅಪ್ಪ ಸುಮ್ಸುಮ್ನೆ ಉಳ್ಕಳ್ಳಕ್ಕೆ ಆಯ್ತದಾ? ಬಂದ ದಿನಾನೇ ನಮ್ಮತ್ತೆ 'ಎನ್ನಿ ರೋಜುಲು ಉಂಟಾಡು ಮೀ ನಾಯನ' ಅಂದ್ರು, ಎಷ್ಟು ದಿನ ಇರ್ತಾನೆ ಅಂತ. ಅದ್ಕೇ ಗುದ್ದಲಿ ತಂದಿದ್ದ. ಒಂದು ಪಾತಿ ಮುಗುದ್ರೆ ಇನ್ನೊಂದು ಅಗೆಯೋನು."

"ನೀವಿಬ್ರೂ ಏನು ಮಾತಾಡ್ತಿದ್ರಿ?"

"ಏನೂ ಇಲ್ಲ. ನೀರು ಹಾಕು, ಕಲ್ಲು ಕೊಡು, ಅಷ್ಟೆ. ಹೊರಡೋ ದಿನ ನಮ್ಮತ್ತೇನೇ ಅವನಿಗೆ ಮಜ್ಜಿಗೆ ತಂದ್ಕೊಟ್ಟು, ದಾಳಿಂಬೆ ಯಾವಾಗ ಬಿಡ್ತದೆ ಅಂತ ಕೇಳ್ತಾ ಕೂತ್ಕಂಡ್ರು. ಅವತ್ತಿಂದ ನನ್ನ ಹೆಸರು ಹಿಡ್ದು ಕರೆಯೋರು."

ಇದನ್ನು ಕೇಳಿದ ಮೇಲೆ ಹೊಟ್ಟೆ ತಣ್ಣಗಾಗಬೇಕಿತ್ತು. ಅಕ್ಕನ ಆ ದಿನಗಳಿಗಾಗಿ ಮರುಗಿದೆ, ನಿಜ. ಆದರೆ ಮದುವೆಯಾಗಿ ನಾನು ಹಿಂದೂಪುರಕ್ಕೆ ಬಂದಾಗ ನನ್ನ ಮುಖದಲ್ಲಿ ನಗುವಿತ್ತು. ಅಪ್ಪ ಬಂದವನು ಊಟ ಮಾಡಿ, ಸಂಜೆ ಬಸ್ಸಿಗೆ ಹೊರಟುಬಿಡುತ್ತಿದ್ದ. ಅಪ್ಪನನ್ನು ಅಷ್ಟು ದಿನ ಹಿಡಿದಿಟ್ಟುಕೊಂಡ ಅವಳ ಆ ದುಃಖಕ್ಕೂ ನಾನು ಕರುಬಿದೆ.

ಮಧ್ಯಾಹ್ನ ಉಂಡಮೇಲೆ ಅಕ್ಕ ಜಗಲಿಯ ಮೇಲೆ, ಕಾಲಿನ ಮಣ್ಣನ್ನೂ ತೊಳೆಯದೆ ಒರಗಿ ನಿದ್ದೆ ಹೋದಳು. ಎದೆಯ ಮೇಲೆ ಅವಳ ಕೈ ಮಡಿಚಿಕೊಂಡಿತ್ತು. ಗಿಣ್ಣು ದಪ್ಪನಾದ, ತುದಿಯಲ್ಲಿ ಕೊಂಚ ಒಳಗೆ ಬಾಗಿದ ಬೆರಳುಗಳು. ಅಪ್ಪನ ಬೆರಳುಗಳನ್ನೂ ಅವಳೇ ತೆಗೆದುಕೊಂಡಿದ್ದಳು. ಬಿಸಿಲು ಸರಿದು ಅವಳ ಮುಖಕ್ಕೆ ಬರುವವರೆಗೂ ಅವನ್ನು ನೋಡುತ್ತ ಕೂತೆ. ಬಂದಾಗ, ಎಬ್ಬಿಸದೆ, ಎದ್ದು ಬಿಸಿಲಿಗೆ ಅಡ್ಡ ನಿಂತೆ.