ಗೈರುಹಾಜರಿಯ ಪದವಿ

ಹೋದ ತಿಂಗಳು ಪಕ್ಕದ ಮನೆಯ ಸೊಸೆ ಒಂದು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಬಂದಳು. ಅವಳ ಮಗಳು ಯುಕೆಜಿ ಮುಗಿಸಿದ್ದಾಳೆ. ಈಗ ಅದಕ್ಕೂ ಶಾಲೆಯಲ್ಲಿ ಒಂದು ಪದವಿ ಸಮಾರಂಭವಂತೆ. ಬಾಡಿಗೆಗೆ ತಂದ ಕಪ್ಪು ಗೌನು ಕೂಸಿನ ಕಾಲಿಗೆ ತೊಡರುತ್ತದೆ, ಅಂಚು ಮಡಚಿ ನಾಲ್ಕು ಹೊಲಿಗೆ ಹಾಕಿಕೊಡಿ ಎಂದಳು. ಚೀಲ ಬಿಚ್ಚಿದೆ. ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಸೂಜಿಗೆ ದಾರ ಪೋಣಿಸಲು ಹೋದರೆ ಮೂರು ಸಲ ತಪ್ಪಿತು. ವಯಸ್ಸಾಯಿತು ನೋಡು ಎಂದು ಅವಳಿಗೆ ಹೇಳಿದೆ. ಆದರೆ ವಯಸ್ಸಿನಿಂದ ಅಲ್ಲ... ಬಾಯಿ ನೆನಪಾಗಿದ್ದರು.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಬಾಯಿ ಅನ್ನುತ್ತಾರೆ. ನಮ್ಮ ಬಾಯಿ ಬಸವಕಲ್ಯಾಣದಲ್ಲಿ ನಮ್ಮ ಓಣಿಯ ಕೊನೆಗೆ ಒಂದು ಕೋಣೆ ಬಾಡಿಗೆ ಹಿಡಿದಿದ್ದರು. ಊರು ದುಬಲಗುಂಡಿ. ಅಪ್ಪ ಅವ್ವ ಇಬ್ಬರೂ ಪರರ ಹೊಲದಲ್ಲಿ ದುಡಿಯುವವರು. ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಕಾಲದಲ್ಲೇ ಆ ಅಪ್ಪ ಬಿಳಿ ಬಟ್ಟೆ ಉಟ್ಟು, ನೆರೆದ ಮಂದಿಯ ನಡುವೆ ನಿಂತು ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರು. ಮಗಳು ಅಷ್ಟು ಹೊತ್ತಿಗೆ ಮೆಟ್ರಿಕ್ ಮುಗಿಸಿ ಶಿಕ್ಷಕಿಯ ತರಬೇತಿಗೆ ಸೇರಿಯಾಗಿತ್ತು. ನಾನು ಅವರನ್ನು ಕಂಡಾಗ ಹುಡುಗಿಯರ ಶಾಲೆಯಲ್ಲಿ ಐದನೇ ಇಯತ್ತೆಗೆ ಗಣಿತ, ಕನ್ನಡ ಕಲಿಸುತ್ತಿದ್ದರು.

ನಮ್ಮ ಮನೆಯಲ್ಲಿ ಅವರಿಗೆ ಗೌರವವಿತ್ತು, ಆದರೆ ಹೊಸ್ತಿಲಿನವರೆಗೆ. ನೀರು ಕೇಳಿದರೆ ನಮ್ಮ ಅಜ್ಜಿ ಮೇಲಿಂದ ಸುರಿಯುತ್ತಿದ್ದಳು, ಅವರು ಬೊಗಸೆ ಒಡ್ಡಿ ಕುಡಿಯುತ್ತಿದ್ದರು. ನಾನು ಅದನ್ನು ನೋಡುತ್ತಲೇ ಬೆಳೆದೆ. ಆದರೂ ನನ್ನನ್ನು ಲೆಕ್ಕ ಕಲಿಯಲು ಅವರ ಕೋಣೆಗೆ ಕಳಿಸಲು ಅಜ್ಜಿ ಅಡ್ಡಿ ಮಾಡಲಿಲ್ಲ. ವಿದ್ಯೆಗೆ ಮೈಲಿಗೆ ಇಲ್ಲ ಎಂಬುದು ಅವಳ ಕಾಯಿದೆ.

ಬಾಯಿ ಕುಳಿತಲ್ಲಿ ಕೂಡುವ ಜೀವವಲ್ಲ. ಲೆಕ್ಕ ಹೇಳುತ್ತ ಹೇಳುತ್ತ ಎದ್ದು ಬಾಗಿಲಿಗೆ ಹೋಗುವರು, ತಿರುಗಿ ಗೋಡೆಯವರೆಗೆ ಬರುವರು. ಆರು ಹೆಜ್ಜೆಯ ಕೋಣೆ. ಒಂದು ಲೆಕ್ಕ ಮುಗಿಯುವುದರೊಳಗೆ ಎಷ್ಟು ಸಲ ತಿರುಗುತ್ತಿದ್ದರೋ... ಅವರ ಜೊತೆಗಿದ್ದವರಿಗೂ ಆ ಚಡಪಡಿಕೆ ಅಂಟುತ್ತಿತ್ತು. ನನಗೆ ಅಂಟಿದ್ದು ಇನ್ನೂ ಬಿಟ್ಟಿಲ್ಲ.

ಹಗಲು ಶಾಲೆ ಕಲಿಸುತ್ತಲೇ ಅವರು ಧಾರವಾಡದ ವಿಶ್ವವಿದ್ಯಾಲಯದ ಬಿ.ಎ. ಪರೀಕ್ಷೆಗೆ ಹೊರಗಿನಿಂದ ಕಟ್ಟಿದರು. ಎರಡು ಸಲ ಇಂಗ್ಲಿಷ್ ಕೈಕೊಟ್ಟಿತು, ಮೂರನೆಯ ಸಲ ಪಾಸಾದರು. ಆಗ ನನಗೆ ಹತ್ತು ವರ್ಷ ಇರಬೇಕು. ಪದವಿ ಪಡೆಯುವ ಅರ್ಜಿಯಲ್ಲಿ ಎರಡು ದಾರಿ ಇದ್ದವು: ಘಟಿಕೋತ್ಸವಕ್ಕೆ ಖುದ್ದಾಗಿ ಹಾಜರಾಗುವುದು, ಇಲ್ಲವೇ ಗೈರುಹಾಜರಿಯಲ್ಲಿ ಅಂಚೆಯ ಮೂಲಕ ತರಿಸಿಕೊಳ್ಳುವುದು. ನಮ್ಮ ಕಡೆಯವರೆಲ್ಲ ಎರಡನೆಯದಕ್ಕೇ ಗುರುತು ಹಾಕುತ್ತಿದ್ದರು. ಧಾರವಾಡ ಅಂದರೆ ಆಗ ಪರದೇಶ. ಬಾಯಿ ಮೊದಲನೆಯದಕ್ಕೆ ಹಾಕಿದರು. ಬಿಳಿ ಸೀರೆಯೊಂದನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿಸಿ ಟ್ರಂಕಿನಲ್ಲಿ ಇಟ್ಟುಕೊಂಡರು.

ಹೊರಡುವ ಹಿಂದಿನ ದಿನ ಹೆಡ್‌ಮಾಸ್ತರರು ರಜೆ ಕೊಡಲಿಲ್ಲ. ಶಾಲೆಯ ತಪಾಸಣೆಗೆ ಸಾಹೇಬರು ಬರುವವರಿದ್ದಾರೆ, ಈಗ ಹ್ಯಾಂಗ ಕಳಿಸಲಿ ಎಂದರಂತೆ. ಬಾಯಿ ಎದುರಾಡಲಿಲ್ಲ. ಮರುದಿನ ತಪಾಸಣೆಗೆ ಯಾರೂ ಬರಲಿಲ್ಲ. ಧಾರವಾಡದಲ್ಲಿ ಅವರ ಜೊತೆ ಪಾಸಾದವರು ಪದವಿಗೆ ಎದ್ದು ನಿಂತ ಹೊತ್ತಿಗೆ ಅವರು ನಮ್ಮೂರಿನಲ್ಲಿ ಭಾಗಾಕಾರ ಕಲಿಸುತ್ತಿದ್ದರು. ಕೆಲವು ವಾರಗಳ ಮೇಲೆ ರಿಜಿಸ್ಟರ್ ಅಂಚೆಯಲ್ಲಿ ಪದವಿಯ ಸನದು ಬಂತು. ಪೋಸ್ಟ್‌ಮ್ಯಾನ್ ತೋರಿಸಿದಲ್ಲಿ ಸಹಿ ಮಾಡಿ, ಕೈ ಒರೆಸಿಕೊಂಡು, ಲಕೋಟೆ ಬಿಚ್ಚಿ ಓದಿದರು. ಮಡಚಿ ಟ್ರಂಕಿನಲ್ಲಿಟ್ಟು ಕೋಣೆಯಲ್ಲಿ ತಿರುಗಾಡಲು ಶುರು ಮಾಡಿದರು. ನನ್ನ ಲೆಕ್ಕದ ಕಡೆ ಅವತ್ತು ನೋಡಲೇ ಇಲ್ಲ.

ಆ ಮೇಲೆ ಅವರಿಗೆ ಅದೊಂದು ಹುಚ್ಚು ಹಿಡಿಯಿತು. ಎಲ್ಲಿ ಘಟಿಕೋತ್ಸವ ನಡೆದರೂ ಪತ್ರಿಕೆಯ ಸುದ್ದಿ ಕತ್ತರಿಸಿ ಒಂದು ನೋಟ್‌ಬುಕ್ಕಿಗೆ ಅಂಟಿಸುವರು. ವಾಚನಾಲಯದಲ್ಲಿ ಕೂತು ಅದರ ಮೂಲ ಚೂಲವನ್ನೆಲ್ಲ ಓದಿಕೊಂಡು ಬಂದು ನನಗೆ ಹೇಳುವರು. ಆ ಕಪ್ಪು ಗೌನು ಮೊದಲು ಚಳಿ ದೇಶದ ಪಾದ್ರಿಗಳದಾಗಿತ್ತು, ವಿದ್ಯೆ ಕಲಿಸುವವರೂ ಕಲಿಯುವವರೂ ಆಗ ಅವರೇ ಇದ್ದರು. ಬೆನ್ನಿಗೆ ಇಳಿಬೀಳುವ ಬಣ್ಣದ ಬಟ್ಟೆ ಮೊದಲು ತಲೆಗೆ ಹೊದೆಯುವ ಕುಲಾವಿಯಾಗಿತ್ತು. ಭಿಕ್ಷೆ ಹಾಕಿಸಿಕೊಳ್ಳುವ ಜೋಳಿಗೆಯೂ ಅದೇ ಆಗಿತ್ತು ಎಂದು ಕೆಲವರು ಹೇಳುತ್ತಾರಂತೆ. ಇದನ್ನು ಹೇಳುವಾಗ ಅವರ ಮುಖ ಅರಳುತ್ತಿತ್ತು. ಭಿಕ್ಷುವಿನ ಜೋಳಿಗೆ ಅವರ ಮನೆಯ ಮಾತು. ಮೆರವಣಿಗೆಯಲ್ಲಿ ಯಾರ ಹಿಂದೆ ಯಾರು ನಡೆಯಬೇಕು, ಪದವೀಧರರು ಎದ್ದು ನಿಂತು ಯಾವಾಗ ಪ್ರತಿಜ್ಞೆ ಮಾಡಬೇಕು, ಎಲ್ಲ ಅವರಿಗೆ ಬಾಯಿಪಾಠ. ಘಟಿಕೆ ಅಂದರೆ ಚಾಲುಕ್ಯರ ಕಾಲದ ದೊಡ್ಡ ವಿದ್ಯಾಸ್ಥಾನ, ಆ ಶಬ್ದ ಹುಟ್ಟಿದ್ದು ನಮ್ಮ ಕಲ್ಯಾಣದ ಸುತ್ತಲೇ ಎಂದು ಅವರ ವಾದ. ಎಷ್ಟು ಖರೆಯೋ ನಾನು ಅರಿಯೆ. ಆದರೆ ಕೋಟೆಯ ಕಡೆ ಹೋದಾಗೆಲ್ಲ ಆ ಕಲ್ಲುಗಳ ನಡುವೆ ಎಲ್ಲೋ ಒಂದು ಮೆರವಣಿಗೆ ಹೊರಟಂತೆ ನನಗೆ ಭಾಸವಾಗುತ್ತಿತ್ತು.

ಒಮ್ಮೆ ನಾನು ಸ್ನಾತಕ ಎಂದರೇನು ಎಂದು ಕೇಳಿದೆ. ಗುರುವಿನ ಮನೆಯಲ್ಲಿ ಕಲಿಕೆ ಮುಗಿದ ಮೇಲೆ ಶಿಷ್ಯನಿಗೆ ಸ್ನಾನ ಮಾಡಿಸಿ ಊರಿಗೆ ಕಳಿಸುತ್ತಿದ್ದರು, ಹಾಗೆ ಸ್ನಾನ ಮಾಡಿದವನೇ ಸ್ನಾತಕ ಎಂದು ವಿವರಿಸಿದರು. ಆಮೇಲೆ ಬಾಗಿಲಿನತ್ತ ತಿರುಗಿ, “ನಮ್ಮ ಮಂದೀಗೆ ಬಾವಿ ನೀರೇ ಮುಟ್ಟಗೊಡತಿದ್ದಿಲ್ಲ ಪೋರಿ. ಇನ್ನ ಜಳಕ ಎಲ್ಲೀದು?” ಎಂದರು. ಸಿಟ್ಟಿನಿಂದಲ್ಲ, ಲೆಕ್ಕದ ಉತ್ತರ ಹೇಳಿದ ಹಾಗೆ. ಅಜ್ಜಿ ನೀರು ಸುರಿಯುವುದು ನೆನಪಾಗಿ ನಾನು ತಲೆ ತಗ್ಗಿಸಿದೆ.

ನಾನು ಹುಮನಾಬಾದಿನ ಕಾಲೇಜು ಸೇರಿದೆ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಎಪ್ಪತ್ತರ ದಶಕ. ನಮ್ಮ ತಲೆಯ ತುಂಬ ದೊಡ್ಡ ದೊಡ್ಡ ಮಾತು. ಗೌನು ಇಂಗ್ಲಿಷರ ಗುಲಾಮಗಿರಿ, ಈ ಬಿಸಿಲಿನ ಸೀಮೆಯಲ್ಲಿ ಕರಿ ನಿಲುವಂಗಿ ಹಾಕಿಕೊಂಡು ಕೂಡುವುದು ನಾಚಿಕೆಗೇಡು ಎಂದು ಗೆಳತಿಯರ ಮುಂದೆ ಭಾಷಣ ಮಾಡುತ್ತಿದ್ದೆ. ಅದನ್ನೇ ಒಂದು ದಿನ ಬಾಯಿಯ ಮುಂದೆಯೂ ಹೇಳಿದೆ. ಅವರು ತಿರುಗಾಡುವುದನ್ನು ನಿಲ್ಲಿಸಿದರು.

“ಯಾರ ಅರಿವಿ ಆದರೇನ? ನಮಗ ಯಾರೂ ಅದನ್ನ ಉಡಾಕ ಬಿಟ್ಟಿದ್ದಿಲ್ಲಲ್ಲ. ಮೊದಲ ಉಡೋಣು, ಆಮ್ಯಾಲೆ ಬ್ಯಾಡ ಅನ್ನೋಣು.”

 ನಾನು ಗೆದ್ದವಳ ಹಾಗೆ ನಕ್ಕೆ. ಆ ವಯಸ್ಸು ಹಾಗೆ.

ನಾನು ಪಾಸಾದ ಸುದ್ದಿ ಕೇಳಿ ನನ್ನ ಅವ್ವನಿಗಿಂತ ಮೊದಲು ಸಕ್ಕರೆ ಹಂಚಿದವರು ಬಾಯಿ. ಘಟಿಕೋತ್ಸವಕ್ಕೆ ಹೋಗಲೇಬೇಕು ಎಂದು ಹಟ ಹಿಡಿದರು. ಅಷ್ಟರಲ್ಲಿ ನನಗೆ ಹುಮನಾಬಾದಿನ ಒಂದು ಕಚೇರಿಯಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತ್ತು, ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದೆ. “ರಜಾ ಕೇಳಾಕ ನಿಲ್ಲಬ್ಯಾಡ, ಹೋಗಿಬಿಡು. ನಾ ಕೇಳಿ ಕೆಟ್ಟೆ,” ಎಂದರು. ತಮಗೆ ಬರಲು ಆಗುವುದಿಲ್ಲ, ಹೋಗಿ ಬಂದು ಎಲ್ಲ ಹೇಳಬೇಕು ಎಂದರು. ನಾನು ಹೂಂ ಎಂದೆ.

ಹೂಂ ಎಂದು ಬಂದವಳು ಅರ್ಜಿಯಲ್ಲಿ ಗೈರುಹಾಜರಿ ಎಂಬುದಕ್ಕೆ ಗುರುತು ಹಾಕಿದೆ. ಯಾಕೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ರಜೆ ಕೇಳಿದ್ದರೆ ಕೊಡುತ್ತಿದ್ದರು. ಕೇಳಲಿಲ್ಲ. ಅಲ್ಲಿ ಒಬ್ಬೊಬ್ಬರ ಹೆಸರನ್ನೇನೂ ಕರೆಯುವುದಿಲ್ಲ, ನೂರಾರು ಮಂದಿಯನ್ನು ಒಟ್ಟಿಗೆ ಎಬ್ಬಿಸಿ ನಿಲ್ಲಿಸಿ ಕೂಡಿಸುತ್ತಾರೆ ಎಂದು ಗೆಳತಿ ಹೇಳಿದ್ದಳು. ಅದಕ್ಕಾಗಿ ಎರಡು ಬಸ್ಸು ಬದಲಿಸಿ ಯಾರು ಹೋಗುತ್ತಾರೆ? ನನಗೆ ಎಲ್ಲದಕ್ಕೂ ಅವಸರ. ಮುಂದಿನ ಕೆಲಸ, ಮುಂದಿನ ಊರು... ಬಾಯಿಗೆ ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ಘಟಿಕೋತ್ಸವದ ಮರುದಿನ ಚಿಕ್ಕಮ್ಮನ ಮನೆಯ ಬಾಗಿಲಿಗೆ ಬಾಯಿ ಬಂದು ನಿಂತರು. ಕೈಯಲ್ಲಿ ಒಂದು ಚೀಲ, ಸೀರೆಯ ಅಂಚಿಗೆಲ್ಲ ಧೂಳು. ಕಲಬುರಗಿಯ ಬಸ್ಸಿನಿಂದ ಇಳಿದವರು ನೇರ ನನ್ನಲ್ಲಿಗೆ ಬಂದಿದ್ದರು. ಮುಖ ಹೊಳೆಯುತ್ತಿತ್ತು.

“ನನಕಿಂತ ಮೊದಲ ಬಂದಿ ನೋಡು. ನಾನೂ ಧಾರವಾಡಕ್ಕ ಹೋಗಿದ್ದೆ. ನಿನಗ ಹೇಳಿರಲಿಲ್ಲ.”

ಈ ಸಲ ಅವರು ಯಾರನ್ನೂ ಕೇಳಿರಲಿಲ್ಲ, ಚೀಟಿ ಬರೆದಿಟ್ಟು ಹೋಗಿಬಿಟ್ಟಿದ್ದರು. ಆಮಂತ್ರಣವಿಲ್ಲದವರನ್ನು ಒಳಗೆ ಬಿಡಲಿಲ್ಲವಂತೆ. ಹಗ್ಗದ ಆಚೆ ನಿಂತು ಮೆರವಣಿಗೆ ನೋಡಿದ್ದರು. ಹುಡುಗಿಯರ ಸಾಲಿನಲ್ಲಿ ಐದನೆಯವಳು ನಾನೇ ಎಂದರು. ಗೌನು ದೊಡ್ಡದಾಗಿ ಹೆಗಲಿನಿಂದ ಜಾರುತ್ತಿತ್ತು, ಎಡಗೈಯಿಂದ ಎತ್ತಿ ಎತ್ತಿ ಹಾಕಿಕೊಳ್ಳುತ್ತಿದ್ದೆನಂತೆ, ಸೆರಗು ಎತ್ತಿಕೊಳ್ಳುವ ಹಾಗೆಯೇ. ಹಿಂದಿನಿಂದ ಕೂಗಿದರೆ ಸರಿಯಲ್ಲವೆಂದು ಸುಮ್ಮನೆ ಕೈ ಎತ್ತಿದ್ದರು. ಹೇಳುತ್ತ ಹೇಳುತ್ತ ಚೀಲದಿಂದ ಯಾರೋ ಬಿಟ್ಟುಹೋದ ಕಾರ್ಯಕ್ರಮ ಪತ್ರಿಕೆ ತೆಗೆದು ನನ್ನ ಕೈಗಿತ್ತರು. ನಾಲ್ಕು ಮಡಿಕೆ ಮಾಡಿ ಜೋಪಾನವಾಗಿ ತಂದಿದ್ದರು.

“ನೀನೇ ಅಲ್ಲೇನು ಐದನೇದಾಕಿ?”

“ಹೌದ್ರಿ ಬಾಯಿ,” ಎಂದೆ.

ಅವತ್ತು ಅವರು ಮೊದಲ ಸಲ ನನ್ನ ಮುಂದೆ ಒಂದೇ ಕಡೆ ಬಹಳ ಹೊತ್ತು ಕುಳಿತರು. ಹೋಗುವಾಗ, ಫೋಟೋ ತೆಗೆಸಿದ್ದರೆ ನನಗೊಂದು ಕೊಡು ಎಂದರು. ಧಾರವಾಡದಿಂದ ಅಂಚೆಯಲ್ಲಿ ಬರುತ್ತದೆ ಎಂದು ಹೇಳಿದೆ. ಒಂದು ಸುಳ್ಳಿಗೆ ಇನ್ನೊಂದು.

ಆ ಕಾಲಕ್ಕೆ ಫೋಟೋ ಸ್ಟುಡಿಯೋಗಳಲ್ಲಿ ಒಂದು ಗೌನು, ಒಂದು ಟೊಪ್ಪಿಗೆ, ಕೆಂಪು ರಿಬ್ಬನ್ ಕಟ್ಟಿದ ಒಂದು ಕಾಗದದ ಸುರುಳಿ ಇಟ್ಟಿರುತ್ತಿದ್ದರು. ಗೈರುಹಾಜರಿಯವರೆಲ್ಲ ಅಲ್ಲಿಯೇ ಪದವೀಧರರಾಗುವುದು. ಹುಮನಾಬಾದಿನ ಪೇಟೆಯ ಒಂದು ಸ್ಟುಡಿಯೋಗೆ ಹೋದೆ. ಗೌನಿಗೆ ಡಾಂಬರು ಗುಳಿಗೆಯ ವಾಸನೆ, ಕೊರಳಪಟ್ಟಿಗೆ ಯಾರು ಯಾರದೋ ಪೌಡರು. ಗದ್ದ ಮೇಲೆತ್ತಿ ಎಂದ ಫೋಟೋದವನು. ಎತ್ತಿದೆ.

ಒಂದು ಭಾನುವಾರ ಆ ಫೋಟೋ ಹಿಡಿದು ಬಸವಕಲ್ಯಾಣಕ್ಕೆ ಹೋದೆ. ಬಾಯಿ ಬೆಳಕಿಗೆ ಹಿಡಿದು ನೋಡಿದರು, ನಕ್ಕರು. ಆಮೇಲೆ ಮಕ್ಕಳು ಬರೆದ ಪಾಟಿಯ ಎರಡೂ ಬದಿ ನೋಡುವ ಅಭ್ಯಾಸದಂತೆ ತಿರುವಿ ಹಿಂಬದಿ ನೋಡಿದರು. ಅಲ್ಲಿ ನೇರಳೆ ಶಾಯಿಯಲ್ಲಿ ಸ್ಟುಡಿಯೋದ ಮುದ್ರೆ ಇತ್ತು. ಕೆಳಗೆ ದುಂಡಗೆ ‘ಹುಮನಾಬಾದ್’ ಎಂದು. ನಾನು ಅದನ್ನು ನೋಡಿಕೊಂಡೇ ಇರಲಿಲ್ಲ.

ಅವರು ಎದ್ದು ಬಾಗಿಲಿಗೆ ಹೋದರು. ಗೋಡೆಗೆ ಬಂದರು. ಮತ್ತೆ ಬಾಗಿಲಿಗೆ... ನಾನು ಚಾಪೆಯ ಎಳೆ ಕೀಳುತ್ತ ಕುಳಿತಿದ್ದೆ.

“ಯಾರು ರಜಾ ಕೊಡಲಿಲ್ಲ?” ಎಂದು ಕೇಳಿದರು. ದನಿಯಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದರೆ ಆ ರಜೆ ಕೊಡದವನ ಮೇಲಿತ್ತು. ಒಂದು ಸುಳ್ಳು ಹೇಳಿಬಿಟ್ಟಿದ್ದರೆ ನಾವಿಬ್ಬರೂ ಒಂದೇ ಕಡೆ ನಿಲ್ಲುತ್ತಿದ್ದೆವು. ಆದರೆ ಅವತ್ತು ನನ್ನ ಬಾಯಲ್ಲಿ ಸುಳ್ಳು ಬರಲಿಲ್ಲ.

“ಯಾರೂ ಇಲ್ರಿ. ನಾನೇ ಹೋಗಲಿಲ್ಲ.”

 ಬಾಯಿ ಫೋಟೋವನ್ನು ಗೋಡೆಯ ಗೂಡಿನಲ್ಲಿ ನಿಲ್ಲಿಸಿದರು, ಮುಖ ಹೊರಗೆ ಮಾಡಿ. ಆಮೇಲೆ ಹೇಳಿದರು:

“ಐದನೇದಾಕಿ ಯಾರಿದ್ಳೋ ಏನೋ. ನಾ ಮನಸ್ಸು ತುಂಬಿ ಹರಸೀನಿ. ಅದೇನ ಖಾಲಿ ಹೋಗಂಗಿಲ್ಲ.”

ಎಂದಿನಂತೆ ನನ್ನನ್ನು ಬಸ್ ನಿಲ್ದಾಣದವರೆಗೆ ಕಳಿಸಲು ಬಂದರು. ದಾರಿಯಲ್ಲಿ ಜೋಳದ ಬೆಲೆ, ಅವ್ವನ ಮೊಣಕಾಲು ನೋವು, ಎಲ್ಲ ಮಾತಾಡಿದೆವು. ತಪ್ಪಾಯಿತು ಎಂಬ ಒಂದು ಮಾತನ್ನು ನಾನು ಹೇಳಲಿಲ್ಲ. ಬಸ್ಸು ಹೊರಟಾಗ ಹೇಳಬೇಕೆನಿಸಿ ಕಿಟಕಿಯಿಂದ ಬಗ್ಗಿದೆ. ಅವರು ಆಗಲೇ ತಿರುಗಿ ನಡೆಯುತ್ತಿದ್ದರು, ಅದೇ ಬಿರುಸು ಹೆಜ್ಜೆ.

ಮುಂದೆ ನನಗೆ ಬೇರೆ ಜಿಲ್ಲೆಯಲ್ಲಿ ಕಾಯಂ ಕೆಲಸವಾಯಿತು, ಮದುವೆಯಾಯಿತು. ಬಾಯಿಗೆ ಹಳ್ಳಿಖೇಡಕ್ಕೆ ವರ್ಗವಾಯಿತು. ಮೊದಮೊದಲು ಕಾಗದ ಬರೆಯುತ್ತಿದ್ದೆವು. ನನ್ನ ಕಾಗದಗಳು ಗಿಡ್ಡವಾಗುತ್ತ ಹೋದವು. ಎಂಬತ್ತರ ದಶಕದಲ್ಲಿ, ಕಬ್ಬು ಕಡಿಯುವ ದಿನಗಳಲ್ಲಿ, ಅವರು ತೀರಿಕೊಂಡ ಸುದ್ದಿ ಪೋಸ್ಟ್ ಕಾರ್ಡಿನಲ್ಲಿ ಬಂತು. ಕಾರ್ಡು ನನ್ನ ಕೈ ಸೇರುವ ಹೊತ್ತಿಗೆ ಮಣ್ಣು ಮುಗಿದು ಐದು ದಿನವಾಗಿತ್ತು.

ರಜೆ ಹಾಕಿ ದುಬಲಗುಂಡಿಗೆ ಹೋದೆ. ಅವರ ತಮ್ಮ ಹೊಲದಿಂದ ಬಂದು ಕೈಕಾಲು ತೊಳೆದುಕೊಂಡು ಎದುರಿಗೆ ಕುಳಿತ. ನಾನು ಯಾರೆಂದು ಹೇಳಿದ ಕೂಡಲೇ ಅವನ ಮುಖ ಅರಳಿತು.

“ಧಾರವಾಡದಾಗ ಪದವಿ ತಗೊಂಡಾಕಿ ನೀವೇ ಏನ್ರಿ? ನಮ್ಮಕ್ಕ ಕಣ್ಣಾರೆ ನೋಡಿ ಬಂದಿದ್ಳು. ಸಾಯೋತನಕ ಹೇಳ್ತಿದ್ಳು.”

ಒಳಗಿನಿಂದ ಅವನ ಹೆಂಡತಿ ನೀರಿನ ತಂಬಿಗೆ ತಂದು ನನ್ನ ಕೈಗೆ ಕೊಟ್ಟಳು. ಕುಡಿದೆ. ಇಲ್ಲ, ಅವಳು ನಾನಲ್ಲ ಎಂದು ಹೇಳಬೇಕಾಗಿತ್ತು. ಆದರೆ ಗೊತ್ತಿದ್ದೂ ಅಷ್ಟು ವರ್ಷ ಆ ಮಾತನ್ನು ಬಾಯಿ ಯಾರಿಗಾಗಿ ಹಾಗೇ ಉಳಿಸಿಕೊಂಡಿದ್ದರು? ನನ್ನ ಮರ್ಯಾದೆಗೋ, ತಮ್ಮದೇ ಸಂತೋಷಕ್ಕೋ... ತಿಳಿಯಲಿಲ್ಲ. ಹೌದೆಂಬಂತೆ ತಲೆ ಆಡಿಸಿ ಎದ್ದು ಬಂದೆ.

ಈಗ ನಿವೃತ್ತಳಾಗಿ ಹುಮನಾಬಾದಿನಲ್ಲೇ ಇದ್ದೇನೆ. ಮನೆಯ ಮುಂದಿನ ರಸ್ತೆಯಲ್ಲಿ ದುಬಲಗುಂಡಿಯ ಬಸ್ಸು ದಿನಾ ಹೋಗುತ್ತದೆ. ಕೆಲವು ದಿನ ಚಪ್ಪಲಿ ಮೆಟ್ಟಿಕೊಂಡು ಅಂಗಳದವರೆಗೆ ಬರುತ್ತೇನೆ. ಹತ್ತಿ ಹೋಗಬೇಕು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬೇಕು ಎನಿಸುತ್ತದೆ. ಬಾಯಿಯ ತಮ್ಮನೂ ತೀರಿಹೋಗಿ ವರ್ಷಗಳಾದವು. ಮಕ್ಕಳು ದುಡಿಯಲು ಎತ್ತೆತ್ತಲೋ ಹೋದರಂತೆ. ಇಳಿದು ಯಾರ ಮನೆ ಕೇಳುವುದು? ನನ್ನ ತಪ್ಪು ಒಪ್ಪಿಸಿಕೊಳ್ಳುವವರು ಆ ಊರಿನಲ್ಲಿ ಈಗ ಯಾರೂ ಉಳಿದಿಲ್ಲ.